ಅವ್ವನ ಮರೆವಿಗೂ ಮುರಿದ ಎಲುಬಿಗೂ ನಂಟಿತ್ತಾ?

ನವನಗರದ ಮಗಳು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನಮ್ಮ ಅವ್ವನಿಗೆ 71 ವರ್ಷ. ಎರಡು ತಿಂಗಳ ಹಿಂದೆ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಳು. ನಿಂತಲ್ಲೇ ಬಿದ್ದದ್ದು, ಮೆಟ್ಟಿಲಿಂದಲ್ಲ, ಗಾಡಿಯಿಂದಲ್ಲ. ಅಷ್ಟಕ್ಕೇ ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿಯಿತು. ಮರುದಿನವೇ ಆಪರೇಷನ್ ಮಾಡಿ ರಾಡ್ ಹಾಕಿದರು.

ಆ ರಾತ್ರಿ ಅವ್ವ ಬೇರೆಯೇ ಆಗಿಬಿಟ್ಟಳು. ಸಲಾಯಿನ್ ಸೂಜಿ ಕಿತ್ತುಕೊಂಡಳು. "ಮನೀಗೆ ಕರಕೊಂಡ ಹೋಗ್ರಿ, ಎಮ್ಮಿ ಹಿಂಡೋ ಹೊತ್ತಾತು" ಅಂತ ಎದ್ದು ಕೂತಳು. ಅವಳು ಹೇಳುತ್ತಿದ್ದ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ನನ್ನನ್ನು ತನ್ನ ಅಕ್ಕ ಅಂದುಕೊಂಡು ಮಾತಾಡಿದಳು. ನಾನು ಹೊರಗೆ ಬಂದು ಅತ್ತೆ.

ಡಾಕ್ಟರು ಇದಕ್ಕೆ ಡೆಲಿರಿಯಂ ಎಂದರು. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ವಯಸ್ಸಾದವರಿಗೆ ಸೊಂಟದ ಆಪರೇಷನ್ ಆದ ಮೇಲೆ ಬಹಳ ಜನರಿಗೆ ಬರುತ್ತದಂತೆ. ಐದನೇ ದಿನಕ್ಕೆ ಇಳಿಯಿತು. ಆದರೆ ಡಾಕ್ಟರು ಕೇಳಿದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. "ಬೀಳೋದಕ್ಕಿಂತ ಮೊದಲೇ ಮರೆವು ಇತ್ತಾ?"

ಇತ್ತು. ಎರಡು ವರ್ಷದಿಂದ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಸಂತೆಗೆ ಹೋದರೆ ಚಿಲ್ಲರೆ ಲೆಕ್ಕ ತಪ್ಪುತ್ತಿತ್ತು. ನಾವು "ಅರವತ್ತಕ್ಕೆ ಅರಳು ಮರಳು" ಅಂತ ಸುಮ್ಮನಾದೆವು. ಅದಕ್ಕೂ ಒಂದು ವರ್ಷ ಮೊದಲು ಅಂಗಳದಲ್ಲಿ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಒಂದು ಕಡೆ ಪ್ಲಾಸ್ಟರ್ ಹಾಕಿ ಕಳಿಸಿದರು. ಇಷ್ಟು ಸಣ್ಣ ಬೀಳುವಿಕೆಗೆ ಎಲುಬು ಯಾಕೆ ಮುರಿಯಿತು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಎಲುಬು ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಟಿ-ಸ್ಕೋರ್, ಅಂದರೆ ಹರೆಯದವರ ಎಲುಬಿಗೆ ಹೋಲಿಸಿ ಕೊಡುವ ಅಂಕ, ಮೈನಸ್ 3.1 ಬಂದಿದೆ. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಟೊಳ್ಳಾದ ಹಾಗೆ.

ಆಮೇಲೆ ಓದಲು ಕೂತೆ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಒಂದು ದೊಡ್ಡ ಅಧ್ಯಯನ ವರ್ಷಗಳಿಂದ ನಡೆಯುತ್ತಿದೆ. 2023ರಲ್ಲಿ ಅದರ ಒಂದು ವರದಿ ಬಂತು. ಸರಾಸರಿ 72 ವರ್ಷದ 3,651 ಜನ. ಶುರುವಿನಲ್ಲಿ ಯಾರಿಗೂ ಡಿಮೆನ್ಶಿಯಾ, ಅಂದರೆ ನೆನಪು ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ, ಇರಲಿಲ್ಲ. ಸುಮಾರು 11 ವರ್ಷದಲ್ಲಿ 688 ಜನರಿಗೆ ಬಂತು. ಒಟ್ಟು ಮೈಯ ಎಲುಬು ಯಾರಲ್ಲಿ ತೀರಾ ತೆಳುವಾಗಿತ್ತೋ, ಅವರಲ್ಲಿ ಮೊದಲ ಹತ್ತು ವರ್ಷದಲ್ಲಿ ಅಪಾಯ ಶೇ. 42ರಷ್ಟು ಜಾಸ್ತಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 2005ರಲ್ಲೇ ಇಂಥದ್ದು ಕಂಡಿತ್ತು. ಎಲುಬು ತೀರಾ ತೆಳುವಾಗಿದ್ದ ಹೆಂಗಸರಲ್ಲಿ ಆಲ್ಝೈಮರ್ (ಡಿಮೆನ್ಶಿಯಾದ ಒಂದು ಬಗೆ) ಅಪಾಯ ಸುಮಾರು ಎರಡು ಪಟ್ಟು.

ಅವ್ವನ ಮುಂಗೈ ಮುರಿದ ದಿನವೇ ಯಾರಾದರೂ ಎಲುಬನ್ನೂ ಬುದ್ಧಿಯನ್ನೂ ಒಟ್ಟಿಗೆ ನೋಡಿದ್ದರೆ? ನಿಮ್ಮ ಮನೆಯಲ್ಲೂ ಹೀಗೆ ಎರಡೂ ಜೊತೆಗೇ ಬಂದಿವೆಯಾ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಫಿಸಿಯೋ, ವಿಜಯಪುರ

ಅಕ್ಕಾ, ಓದಿ ಸಂಕಟವಾಯಿತು. ನಾನು ಹದಿನಾಲ್ಕು ವರ್ಷದಿಂದ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಸೊಂಟ ಮುರಿದ ಹಿರಿಯರ ಮನೆಗೆ ಹೋದಾಗ ನಾನು ಮೊದಲು ಕಾಲು ಮುಟ್ಟುವುದಿಲ್ಲ, ಮಾತಾಡಿಸುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ನಡೆಯುವುದು ಕಾಲಿನ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧ ಕೆಲಸ ತಲೆಯದ್ದು. ಹೊಸ್ತಿಲು ಎಷ್ಟು ಎತ್ತರ, ನೆಲ ಒದ್ದೆ ಇದೆಯಾ, ಕೈಯಲ್ಲಿನ ತಂಬಿಗೆ ತುಳುಕುತ್ತಿದೆಯಾ, ಇಷ್ಟನ್ನೂ ಮೆದುಳು ಒಂದೇ ಸಲಕ್ಕೆ ನೋಡಬೇಕು. ಚಿಕ್ಕ ವಯಸ್ಸಿನಲ್ಲಿ ನಾವು ಇದನ್ನು ಗಮನಿಸದೆ ಮಾಡುತ್ತೇವೆ. ಮೆದುಳು ದಣಿಯಲು ಶುರುವಾದಾಗ ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ.

1997ರಲ್ಲಿ ಸ್ವೀಡನ್ನಿನವರು ಒಂದು ಸಣ್ಣ, ಆದರೆ ತುಂಬಾ ಕಣ್ಣು ತೆರೆಸುವ ಪರೀಕ್ಷೆ ಮಾಡಿದರು. ವೃದ್ಧರ ವಸತಿಯಲ್ಲಿದ್ದ 58 ಜನರ ಜೊತೆ ನಡೆಯುತ್ತಾ ಸುಮ್ನೆ ಮಾತು ತೆಗೆದರು. 12 ಜನ ಮಾತು ಶುರುವಾದ ಕೂಡಲೇ ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು.

ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಗುಡಿಗೆ ಹೋಗುವಾಗ ಪಕ್ಕದಲ್ಲೇ ನಡೆಯುತ್ತಾ "ಆಯೀ, ನಿನ್ನೆ ಏನು ಪಲ್ಯ ಮಾಡಿದ್ದಿ?" ಅಂತ ಕೇಳಿ. ನಿಂತು, ಯೋಚಿಸಿ, ಉತ್ತರ ಕೊಟ್ಟು, ಆಮೇಲೆ ಹೆಜ್ಜೆ ಇಟ್ಟರೆ ಎಚ್ಚರ ವಹಿಸಿ. ಡಿಮೆನ್ಶಿಯಾ ಇದ್ದವರು ಅದೇ ವಯಸ್ಸಿನ ಉಳಿದವರಿಗಿಂತ ಜಾಸ್ತಿ ಬೀಳುತ್ತಾರೆ. ಸೊಂಟದ ಎಲುಬು ಮುರಿಯುವುದೂ ಅವರಲ್ಲೇ ಜಾಸ್ತಿ.

ನಿಮ್ಮ ಅವ್ವನನ್ನು ಈಗ ಮಲಗಿಸಿಯೇ ಇಡಬೇಡಿ. ಡಾಕ್ಟರು ಭಾರ ಹಾಕಬಹುದು ಎಂದಿದ್ದರೆ ದಿನಕ್ಕೆ ನಾಲ್ಕು ಸಲ ಎಬ್ಬಿಸಿ. ಮಲಗಿದಷ್ಟೂ ಎಲುಬು ಕರಗುತ್ತದೆ, ಸ್ನಾಯು ಕರಗುತ್ತದೆ, ಹಗಲು ರಾತ್ರಿಯ ಲೆಕ್ಕವೂ ತಪ್ಪುತ್ತದೆ.

ಜಮಖಂಡಿ ಸೊಸೆ

ನಮ್ಮ ಅತ್ತೆಗೂ ಇದೇ. ಮೊದಲು ಮರೆವು, ಆಮೇಲೆ ಬೆನ್ನು ಬಾಗಿತು. ಪಕ್ಕದ ಮನೆಯವರು ವಿಟಮಿನ್ ಡಿ ಸ್ಯಾಶೆ ವಾರಕ್ಕೊಂದು ಕೊಡಿ, ತಲೆಗೂ ಒಳ್ಳೆಯದು ಅಂದರು. ಎಂಟು ತಿಂಗಳಿಂದ ಕೊಡುತ್ತಿದ್ದೇನೆ. ಸರಿನಾ?

ಔಷಧಿ ಅಂಗಡಿ, ಗೋಕಾಕ

ಅಕ್ಕಾರೆ, ದಯವಿಟ್ಟು ನಿಲ್ಲಿಸಿ ಡಾಕ್ಟರನ್ನು ಕೇಳಿ. ಆ ಸ್ಯಾಶೆಯಲ್ಲಿ 60,000 ಯೂನಿಟ್ ಇರುತ್ತದೆ. ರಕ್ತದಲ್ಲಿ ಕೊರತೆ ಇದ್ದರೆ ಕೆಲವು ವಾರ ಕೊಟ್ಟು, ಆಮೇಲೆ ಅಂತರ ಜಾಸ್ತಿ ಮಾಡುತ್ತಾರೆ. ಎಂಟು ತಿಂಗಳು ವಾರವಾರ ಕೊಡುವುದು ಪರೀಕ್ಷೆ ಇಲ್ಲದೆ ಆಗಬಾರದು. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಮಂಕು ಕವಿಯುವುದೂ, ಗೊಂದಲವಾಗುವುದೂ ಉಂಟು. ಮರೆವು ಹೋಗಲಿ ಅಂತ ಕೊಟ್ಟದ್ದೇ ತಲೆ ಕೆಡಿಸಿದ ಹಾಗಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಹಿರಿಯ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟು ನೋಡಿದ್ದರು. 2010ರಲ್ಲಿ ಫಲಿತಾಂಶ ಬಂತು. ಬೀಳುವುದೂ ಮುರಿಯುವುದೂ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು.

ನನ್ನ ಅಂಗಡಿಯಲ್ಲಿ ಕಾಣುವ ಇನ್ನೊಂದು ವಿಷಯ ಹೇಳಲೇಬೇಕು. ಎಲುಬಿಗೆ ಕೊಡುವ ಅಲೆಂಡ್ರೊನೇಟ್ ಮಾತ್ರೆ ವಾರಕ್ಕೊಂದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಚಹಾ ಕೂಡ ಕುಡಿಯಬಾರದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಮರೆವು ಇರುವ ಅಜ್ಜಿಗೆ ಇದನ್ನೆಲ್ಲ ಯಾರು ನೆನಪಿಸುತ್ತಾರೆ? ಒಬ್ಬ ಅಜ್ಜಿ ವಾರಕ್ಕೊಂದರಂತೆ ನುಂಗಬೇಕಿದ್ದ ನಾಲ್ಕು ಮಾತ್ರೆಯನ್ನು ನಾಲ್ಕು ದಿನದಲ್ಲಿ ಮುಗಿಸಿ ಮತ್ತೆ ಚೀಟಿ ಹಿಡಿದು ಬಂದಿದ್ದರು. ಅದಕ್ಕೇ ಹೇಳುವುದು, ಎಲುಬಿನ ಡಾಕ್ಟರಿಗೆ ಮರೆವಿನ ವಿಷಯ ಮುಚ್ಚಿಡಬೇಡಿ. ವರ್ಷಕ್ಕೊಮ್ಮೆ ಸಲಾಯಿನ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಮ್ಲವೂ ಇದೆ. ಮೂತ್ರಪಿಂಡ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಯೇ ಕೊಡುತ್ತಾರೆ. ಮಾತ್ರೆ ನೆನಪಿಡುವ ಚಿಂತೆ ಇಲ್ಲ.

ನಿದ್ದೆ ಮಾತ್ರೆ, ತುರಿಕೆಗೆ ಶೀತಕ್ಕೆ ಕೊಡುವ ಹಳೆಯ ಅಲರ್ಜಿ ಮಾತ್ರೆ, ಇವೆರಡರ ಮೇಲೂ ಕಣ್ಣಿಡಿ. ಇವು ತಲೆಯನ್ನೂ ಮಂಕು ಮಾಡುತ್ತವೆ, ಕಾಲನ್ನೂ ತಡವರಿಸುತ್ತವೆ.

ಜಮಖಂಡಿ ಸೊಸೆ

ಅಣ್ಣಾರೆ, ಇವತ್ತೇ ನಿಲ್ಲಿಸಿದೆ. ನಾಳೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ.

ನಿವೃತ್ತ ಮೇಷ್ಟ್ರು, ಬೈಲಹೊಂಗಲ

ತಂಗಿ, ನಿಮ್ಮ ಅವ್ವ ಬೇಗ ಗುಣವಾಗಲಿ. ನಾನು ವಿಜ್ಞಾನ ಕಲಿಸಿದವನು. ಅದಕ್ಕೆ ಒಂದು ಎಚ್ಚರದ ಮಾತು ಹೇಳದೆ ಇರಲಾರೆ.

ಎರಡು ಸಂಗತಿ ಜೊತೆಗೆ ಕಂಡವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅನ್ನಲಾಗದು. ರಾಟರ್‌ಡ್ಯಾಮ್ ವರದಿಯನ್ನೇ ನೋಡಿ. ಸ್ಕ್ಯಾನ್ ಆದ ಮೊದಲ ಕೆಲವು ವರ್ಷದಲ್ಲೇ ನಂಟು ಗಟ್ಟಿಯಾಗಿ ಕಂಡದ್ದು. ಅದರ ಅರ್ಥ ಏನಿರಬಹುದು? ಡಿಮೆನ್ಶಿಯಾ ಹೊರಗೆ ಕಾಣುವುದಕ್ಕೆ ವರ್ಷಗಟ್ಟಲೆ ಮೊದಲೇ ಒಳಗೆ ಶುರುವಾಗಿರುತ್ತದೆ. ಆಗಲೇ ಮನುಷ್ಯ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಊಟ ತಪ್ಪುತ್ತದೆ, ಬಿಸಿಲು ತಪ್ಪುತ್ತದೆ. ಎಲುಬು ತೆಳುವಾಗುವುದು ಆ ಕಾಯಿಲೆಯ ಮೊದಲ ನೆರಳು ಆಗಿರಬಹುದು, ಕಾರಣ ಅಲ್ಲ. ಕೆನಡಾದಲ್ಲಿ 65 ದಾಟಿದವರನ್ನು ಹದಿನೈದು ವರ್ಷದಷ್ಟು ಹಿಂಬಾಲಿಸಿದ ಮಾಹಿತಿಯಿಂದ 2021ರಲ್ಲಿ ಒಂದು ವರದಿ ಬಂತು. ಹೆಂಗಸರಲ್ಲಿ ಬುದ್ಧಿ ಕುಂದುವುದೂ ಎಲುಬು ಸವೆಯುವುದೂ ಜೊತೆಗೇ ಸಾಗಿದ್ದವು. ಯಾವುದು ಮುಂದೆ, ಯಾವುದು ಹಿಂದೆ ಅಂತ ಅಲ್ಲೂ ಬಿಡಿಸಲು ಆಗಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ, ಬಾಲ್ಯಕ್ಕೆ. ಸ್ಕಾಟ್ಲೆಂಡಿನಲ್ಲಿ 1932ರ ಜೂನ್ 1ರಂದು, 1921ರಲ್ಲಿ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಶಾಲಾ ಮಕ್ಕಳಿಗೂ ಒಂದೇ ಬುದ್ಧಿ ಪರೀಕ್ಷೆ ಕೊಟ್ಟರು. ಎಷ್ಟೋ ದಶಕದ ಮೇಲೆ ಆ ಕಾಗದಗಳನ್ನು ತೆಗೆದು, ಆ ಮಕ್ಕಳು ಮುದುಕರಾದಾಗ ಹೇಗಿದ್ದಾರೆ ಎಂದು ಹುಡುಕಿದರು. 11ನೇ ವಯಸ್ಸಿನಲ್ಲಿ ಜಾಸ್ತಿ ಅಂಕ ಪಡೆದವರು ಸರಾಸರಿ ಹೆಚ್ಚು ಕಾಲ ಬದುಕಿದ್ದರು. ಬುದ್ಧಿಯೇ ದೇಹ ಕಾಯಿತು ಅಂತಲ್ಲ. ಚೆನ್ನಾಗಿ ಓದಿದವನಿಗೆ ಒಳ್ಳೆ ಕೆಲಸ, ಒಳ್ಳೆ ಊಟ. ತಂಬಾಕು ಬಿಡುವ ತಿಳಿವಳಿಕೆ. ಡಾಕ್ಟರ ಚೀಟಿ ಓದುವ ಶಕ್ತಿ. ಬಡ ಮನೆಯಲ್ಲಿ ಹಾಲಿಲ್ಲದೆ ಬೆಳೆದ ಮಗುವಿಗೆ ಎಲುಬೂ ಸೊರಗುತ್ತದೆ, ಓದೂ ಸೊರಗುತ್ತದೆ. ನಂಟಿನ ಬೇರು ಎಷ್ಟೋ ಸಲ ಅಲ್ಲೇ ಇರುತ್ತದೆ.

ನಾನು 34 ವರ್ಷ ತರಗತಿಯಲ್ಲಿ ಇದನ್ನೇ ನೋಡಿದೆ. ಆರನೇ ಇಯತ್ತೆಗೇ ಹೊಲದ ಕೆಲಸಕ್ಕೆ ಬಿಡಿಸಿದ ಹೆಣ್ಣುಮಕ್ಕಳು ಇವತ್ತು ಅರವತ್ತರ ಹತ್ತಿರ ಇದ್ದಾರೆ. ಬೆನ್ನು ಬಾಗಿದೆ. ಅವರು ಓದಬಹುದಾಗಿದ್ದ ಹುಡುಗಿಯರು. ನನಗೆ ಅವರ ಹೆಸರೆಲ್ಲ ನೆನಪಿದೆ.

ನವನಗರದ ಮಗಳು, ಬಾಗಲಕೋಟೆ

ಸರ್, ನಮ್ಮ ಅವ್ವನನ್ನೂ ನಾಲ್ಕನೇ ಇಯತ್ತೆಗೆ ಬಿಡಿಸಿದ್ದರು. ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ನೆ ಕೂತಿದ್ದಳು.

ಕಾರಣ ಯಾವುದು ಅನ್ನುವ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನನ್ನಂಥ ಮಗಳಿಗೆ ಕಾರಣ ತಿಳಿಯುವ ತನಕ ಕಾಯಲು ಆಗುವುದಿಲ್ಲ ಅಲ್ವಾ? ಎಲುಬು ಸವೆಯುವುದು ಮರೆವಿನ ನೆರಳೇ ಆಗಿದ್ದರೂ, ನೆರಳು ಕಂಡರೆ ತಿರುಗಿ ನೋಡಬೇಕು. ಮುಂಗೈ ಮುರಿದವರ ನೆನಪಿನ ಶಕ್ತಿ ನೋಡಬೇಕು. ಮರೆವು ಬಂದವರ ಎಲುಬು ನೋಡಬೇಕು. ನಾನು ಕೇಳುತ್ತಿರುವುದು ಇಷ್ಟೇ.

ನಿವೃತ್ತ ಮೇಷ್ಟ್ರು, ಬೈಲಹೊಂಗಲ

ಈ ಮಾತು ನೂರಕ್ಕೆ ನೂರು ಸರಿ ತಂಗಿ. ಇದಕ್ಕೆ ನನ್ನ ತಕರಾರಿಲ್ಲ.

ಫಾರ್ಮಸಿ ಕಾಲೇಜು, ಬೆಳಗಾವಿ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಎಲುಬು ಬರೀ ಕಂಬ ಅಲ್ಲ, ಅದೂ ರಕ್ತಕ್ಕೆ ಸಂದೇಶ ಕಳಿಸುತ್ತದೆ. ಎಲುಬು ಕಟ್ಟುವ ಕೋಶಗಳಿಂದ ಆಸ್ಟಿಯೊಕ್ಯಾಲ್ಸಿನ್ ಎಂಬ ಪ್ರೋಟೀನ್ ಬರುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೆರಾರ್ ಕಾರ್ಸೆಂಟಿ ಅವರ ತಂಡ 2013ರಲ್ಲಿ ತೋರಿಸಿದ್ದು ಇದು. ಈ ಪ್ರೋಟೀನ್ ಇಲ್ಲದ ಇಲಿಗಳಿಗೆ ದಾರಿ ನೆನಪಿಡುವುದು ಕಷ್ಟವಾಗಿತ್ತು, ಅಂಜಿಕೆಯೂ ಜಾಸ್ತಿ ಇತ್ತು. 2017ರಲ್ಲಿ ಮೆದುಳಿನಲ್ಲಿ ಅದು ಹೋಗಿ ಕೂರುವ ಜಾಗವೂ ಸಿಕ್ಕಿತು. ಇದೆಲ್ಲ ಇಲಿಯಲ್ಲಿ. ಮನುಷ್ಯರಿಗೆ ಇದರಿಂದ ಔಷಧಿ ಬಂದಿಲ್ಲ. ಯಾರಾದರೂ ಇದರ ಹೆಸರಲ್ಲಿ ಪುಡಿ ಮಾರಲು ಬಂದರೆ ಕೊಳ್ಳಬೇಡಿ.

ಇನ್ನೊಂದು ಮಾತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಶಿಯಾಕ್ಕೆ ನಾವು ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಎಲುಬು ಇಲ್ಲ. ಆದರೆ ತಂಬಾಕು, ಕುಡಿತ, ಸಕ್ಕರೆ ಕಾಯಿಲೆ, ಮೈ ಬಗ್ಗಿಸದಿರುವುದು, ಬಾಲ್ಯದ ಓದು ತಪ್ಪುವುದು ಎಲ್ಲ ಇವೆ. ಇವುಗಳಲ್ಲಿ ಹೆಚ್ಚಿನವು ಎಲುಬನ್ನೂ ತಿನ್ನುತ್ತವೆ.

ಹುನಗುಂದ ರೈತ

ನಮ್ಮ ಕಡೆಯ ಬೋರ್ ನೀರಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಾಗಲಕೋಟೆ, ವಿಜಯಪುರ ಜಿಲ್ಲೆಯ ಎಷ್ಟೋ ಊರಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನೇ ಕುಡಿದ ಹಿರಿಯರಿಗೆ ಕತ್ತು ತಿರುಗುವುದಿಲ್ಲ, ಮೊಣಕಾಲು ಮಡಚುವುದಿಲ್ಲ. ನಮ್ಮ ಕಾಕಾ ಹೀಗೇ ಕೊನೆಗೆ ಹಾಸಿಗೆ ಹಿಡಿದರು.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಫ್ಲೋರೈಡ್ ತುಂಬಿದ ಎಲುಬು ಸ್ಕ್ಯಾನ್‌ನಲ್ಲಿ ಗಟ್ಟಿಯಾಗಿಯೇ ಕಾಣಬಹುದು. ಒಳಗೆ ಮಾತ್ರ ಪೆಡಸು, ಬೇಗ ಬಿರಿಯುತ್ತದೆ. ಅಂಕಿ ಚೆನ್ನಾಗಿದೆ ಅಂತ ನಮ್ಮ ಕಡೆಯವರು ನಿಶ್ಚಿಂತೆಯಿಂದ ಇರಬಾರದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ನಿಯಮ. ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2024ರಲ್ಲಿ ಬೇರೆಬೇರೆ ದೇಶದ ಅಧ್ಯಯನಗಳನ್ನು ಕೂಡಿಸಿ ನೋಡಿ, 1.5ಕ್ಕಿಂತ ಜಾಸ್ತಿ ಇರುವ ಕಡೆ ಮಕ್ಕಳ ಬುದ್ಧಿ ಪರೀಕ್ಷೆಯ ಅಂಕ ಕಡಿಮೆ ಇರುವುದು ಮಧ್ಯಮ ಮಟ್ಟದ ಖಾತ್ರಿಯಿಂದ ಕಾಣುತ್ತದೆ ಎಂದಿತು. ಎಲುಬೂ ಬುದ್ಧಿಯೂ ಒಂದೇ ಕೊಡದ ನೀರಿನಲ್ಲಿವೆ ನೋಡಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪಂಚಾಯತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ. ನದಿ ನೀರಿನ ನಲ್ಲಿ ಬಂದಿದ್ದರೆ ಕುಡಿಯಲು, ಅಡಿಗೆಗೆ ಅದನ್ನೇ ಬಳಸಿ.

ಇಂಡಿ ಊರಿನ ಒಬ್ಬ ತಾಯಿ

ನನ್ನ ಮಗಳಿಗೆ 14. ಬೆಳಿಗ್ಗೆ ಟ್ಯೂಷನ್, ಶಾಲೆ, ಮತ್ತೆ ಟ್ಯೂಷನ್. ಓದಿನಲ್ಲಿ ಮುಂದೆ. ಆದರೆ ಆಟ ಇಲ್ಲ, ಬಿಸಿಲು ಇಲ್ಲ. ಹಾಲು ಕಂಡರೆ ಆಗುವುದಿಲ್ಲ. ಇದನ್ನೆಲ್ಲ ಓದಿ ಭಯವಾಯಿತು. ಈಗಲೇ ಏನು ಮಾಡಲಿ?

ಫಿಸಿಯೋ, ವಿಜಯಪುರ

ಭಯ ಬೇಡ ಅಕ್ಕಾ, ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಹೆಣ್ಣುಮಕ್ಕಳ ಎಲುಬಿನ ಒಟ್ಟು ಉಳಿತಾಯದಲ್ಲಿ ಸುಮಾರು ಶೇ. 90ರಷ್ಟು 18ರೊಳಗೇ ಜಮೆಯಾಗುತ್ತದೆ. ಮುಂದೆ ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ. ಆಗ ಮೊದಲ 5ರಿಂದ 7 ವರ್ಷದಲ್ಲಿ ಶೇ. 20ರವರೆಗೂ ಕಳೆದುಹೋಗಬಹುದು. ಈಗ ಕೂಡಿಟ್ಟದ್ದನ್ನೇ ಆಗ ಖರ್ಚು ಮಾಡಬೇಕು.

ಸಂಜೆಯ ಒಂದು ಟ್ಯೂಷನ್ ಬಿಡಿಸಿ, ಖೋಖೋ ಆಡಲು ಕಳಿಸಿ. ಹಗ್ಗದಾಟ, ಕುಂಟಾಟ ಯಾವುದಾದರೂ ಸರಿ. ಕಾಲು ನೆಲಕ್ಕೆ ಬಡಿಯುವ ಆಟ ಎಲುಬನ್ನು ಗಟ್ಟಿ ಮಾಡುತ್ತದೆ. ಓಡಿ ಆಡಿದ ಮಕ್ಕಳಿಗೆ ಓದಿನಲ್ಲಿ ಗಮನವೂ ನಿಲ್ಲುತ್ತದೆ, ಆ ಗಂಟೆ ವ್ಯರ್ಥವಲ್ಲ.

ಊಟದಲ್ಲಿ ನಮ್ಮ ರೊಟ್ಟಿಯನ್ನೇ ನಂಬಬೇಡಿ. ಜೋಳದಲ್ಲಿ 100 ಗ್ರಾಂಗೆ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ 350ರ ಆಸುಪಾಸು ಇದೆ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು ಎಂದು 2020ರಲ್ಲಿ ನಮ್ಮ ದೇಶದ ಪೋಷಣೆ ತಜ್ಞರು ಲೆಕ್ಕ ಹಾಕಿದ್ದಾರೆ. ಹಾಲು ಬೇಡವಾದರೆ ಗಟ್ಟಿ ಮೊಸರು ಕೊಡಿ. ರಾಜಗಿರಿ ಪಲ್ಯ ಮಾಡಿ. ರೊಟ್ಟಿಗೆ ಎಳ್ಳು ಹಚ್ಚುವುದು ಸಂಕ್ರಾಂತಿಗೆ ಮಾತ್ರ ಯಾಕೆ? ವಾರಕ್ಕೆ ಮೂರು ಸಲ ಹಚ್ಚಿ. ಗುರೆಳ್ಳು ಚಟ್ನಿಯೂ ಒಳ್ಳೆಯದು.

ಎಳೆ ಬಿಸಿಲಿನ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಆರೂವರೆಯ ಬಿಸಿಲಿನಲ್ಲಿ ವಿಟಮಿನ್ ಡಿ ಮಾಡುವ ಕಿರಣ ತೀರಾ ಕಡಿಮೆ. ಬಿಸಿಲು ಏರಿದ ಮೇಲೆ ಹತ್ತು ಹದಿನೈದು ನಿಮಿಷ ತೋಳು, ಕಾಲಿಗೆ ತಾಗಬೇಕು. ನಮ್ಮ ವೈಶಾಖದಲ್ಲಿ ಇದನ್ನು ಮಾಡಲು ಹೋಗಬೇಡಿ, ಉಷ್ಣ ಹೊಡೆಯುತ್ತದೆ.

ಅಥಣಿ

ಎಳ್ಳಿನ ಮಾತು ಮನಸ್ಸಿಗೆ ಹಿಡಿಸಿತು. ನಾಳೆಯಿಂದಲೇ.

ಅಪ್ಪನ ಜೊತೆಗಾರ, ಮುದ್ದೇಬಿಹಾಳ

ನಮ್ಮ ಅಪ್ಪನಿಗೆ ಡಿಮೆನ್ಶಿಯಾ ಬಂದು ಐದು ವರ್ಷ. ಇಲ್ಲಿಯವರೆಗೆ ಬೀಳಲು ಬಿಟ್ಟಿಲ್ಲ. ಏನೇನು ಮಾಡಿದೆ ಹೇಳುತ್ತೇನೆ.

ಬಚ್ಚಲಿನ ನುಣುಪು ಟೈಲ್ಸ್ ತೆಗೆಸಿ ಒರಟು ಕಲ್ಲು ಹಾಕಿಸಿದೆ. ಎರಡು ಕಡೆ ಕಬ್ಬಿಣದ ಹಿಡಿಕೆ. ಪಡಸಾಲೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪ ಉರಿಯುತ್ತದೆ. ಹೊಸ್ತಿಲಿಗೆ ಹಳದಿ ಪಟ್ಟಿ ಬಳಿದೆ, ಅದು ಅಪ್ಪನ ಕಣ್ಣಿಗೆ ಹಿಡಿಯುತ್ತದೆ. ಉದ್ದನೆಯ ಧೋತರ ಕಾಲಿಗೆ ಸಿಕ್ಕುತ್ತಿತ್ತು. ಪೈಜಾಮ ಹಾಕಿಸಲು ಒಂದು ತಿಂಗಳು ಹಿಡಿಯಿತು. ಜೀವನಪೂರ್ತಿ ಧೋತರ ಉಟ್ಟವರು, ಅವರ ಬೇಸರ ನನಗೆ ಅರ್ಥವಾಗುತ್ತದೆ. ಕಣ್ಣಿನ ಪೊರೆ ತೆಗೆಸಿದೆ. ಕಿವಿಯ ಮಿಷನ್ ಹಾಕಿಸಿದೆ.

ನವನಗರದ ಅಕ್ಕಾ, ಒಂದು ಕೇಳುತ್ತೇನೆ. ಅವ್ವನ ವಿಟಮಿನ್ ಬಿ12, ಥೈರಾಯ್ಡ್ ನೋಡಿದ್ದಾರಾ? ನಮ್ಮ ಕಡೆ ಹೆಚ್ಚಿನ ಮನೆಯಲ್ಲಿ ಬರೀ ಕಾಯಿಪಲ್ಯದ ಊಟ. ಬಿ12 ಕಡಿಮೆಯಾದರೂ ಮರೆವು ಬರುತ್ತದೆ, ಕಾಲು ಜೋಮು ಹಿಡಿದು ಹೆಜ್ಜೆ ತಪ್ಪುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರಿಗೆ ಇನ್ನೂ ಜಾಸ್ತಿ. ಇದು ಬೇಗ ಸಿಕ್ಕರೆ ಇಂಜೆಕ್ಷನ್ನಿಗೆ ಸುಧಾರಿಸುತ್ತದೆ. ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ.

ನವನಗರದ ಮಗಳು, ಬಾಗಲಕೋಟೆ

ಅಣ್ಣಾ, ನಿಮ್ಮ ಪ್ರಶ್ನೆಗೆ ಮೂರು ವಾರದ ಮೇಲೆ ಉತ್ತರ ಕೊಡುತ್ತಿದ್ದೇನೆ, ಕ್ಷಮಿಸಿ. ನೀವು ಬರೆದ ಮೇಲೆಯೇ ಪರೀಕ್ಷೆ ಮಾಡಿಸಿದ್ದು. ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಗಿದೆ. ಥೈರಾಯ್ಡ್ ಸರಿ ಇದೆ.

ನೆನಪಿನ ಪರೀಕ್ಷೆಯನ್ನೂ ಮಾಡಿದರು. ಅಂಕ ಕಡಿಮೆ ಬಂತು. ಆದರೆ ಅವ್ವ ನಾಲ್ಕನೇ ಇಯತ್ತೆಯವರೆಗೆ ಮಾತ್ರ ಓದಿದವಳು, ಅದನ್ನು ಲೆಕ್ಕಕ್ಕೆ ಹಿಡಿಯಬೇಕು, ಆರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು. ಎಲುಬಿನ ಡಾಕ್ಟರಿಗೆ ಮರೆವಿನ ವಿಷಯ ಬಿಚ್ಚಿ ಹೇಳಿದೆ. ವಾರದ ಮಾತ್ರೆ ಬೇಡ, ವರ್ಷಕ್ಕೊಮ್ಮೆಯ ಸಲಾಯಿನ್ ಕೊಡೋಣ ಎಂದರು. ಅದಕ್ಕೆ ಮೊದಲು ವಿಟಮಿನ್ ಡಿ ಸರಿಪಡಿಸುತ್ತಿದ್ದಾರೆ.

ನನಗೆ 46. ನನ್ನ ಅವ್ವನಿಗೆ ಸೊಂಟ ಮುರಿದಿದೆ ಎಂದರೆ ನನಗೂ ಅಪಾಯ ಜಾಸ್ತಿ ಎಂದು ಡಾಕ್ಟರು ಹೇಳಿದರು. ನಾನೂ ಬೆಳಿಗ್ಗೆ ನಡೆಯಲು ಶುರು ಮಾಡಿದ್ದೇನೆ.

ನಿನ್ನೆ ಅವ್ವನನ್ನು ವಾಕರ್ ಹಿಡಿಸಿ ಅಂಗಳದಲ್ಲಿ ನಡೆಸುತ್ತಿದ್ದೆ. ಫಿಸಿಯೋ ಸರ್ ಹೇಳಿದ ಹಾಗೆ ಕೇಳಿದೆ, "ಅವ್ವಾ, ಹಳೇ ಮನೀ ಹಿತ್ತಲದಾಗ ಏನೇನ ಗಿಡ ಇದ್ದವು?" ಅವ್ವ ನಿಂತಳು. ಬಹಳ ಹೊತ್ತು ನಿಂತಳು. "ಎರಡ ನುಗ್ಗಿ, ಒಂದ ಬೇವು, ಬಾವಿ ಕಡೆ ಕರಿಬೇವು" ಎಂದಳು. ಆಮೇಲೆ ಹೆಜ್ಜೆ ಎತ್ತಿದಳು.